ರೆಕಾರ್ಡ್ ಕೇಳಲು ಆಂಪ್ಲಿಫೈಯರ್ ಕಟ್ಟುವ ಬಗೆ

ರೆಕಾರ್ಡಿನ ಗೆರೆಯೊಳಗೆ ಓಡುವ ಮುಳ್ಳು ಹುಟ್ಟಿಸುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್. ಸ್ಪೀಕರಿಗೆ ಬೇಕಾದದ್ದು 10 ವೋಲ್ಟ್ ಆಸುಪಾಸು. ನಡುವೆ ಎರಡು ಸಾವಿರ ಪಟ್ಟು ಹಿಗ್ಗಿಸಬೇಕು. ಹಾಡಿನ ಜೊತೆ ಒಳಕ್ಕೆ ನುಸುಳಿದ ಮೇನ್ಸ್ ಗುಂಯ್ ಸದ್ದೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ದುಬಾರಿ ಕೆಪಾಸಿಟರಿಗಿಂತ ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎನ್ನುವುದೇ ಹೆಚ್ಚು ಮುಖ್ಯ. ಸರ್ಕಿಟ್ ಚಿತ್ರ ಒಂದೇ ಆಗಿದ್ದರೂ ಒಂದು ಪೆಟ್ಟಿಗೆ ನಿಶ್ಶಬ್ದವಾಗಿರುತ್ತದೆ, ಇನ್ನೊಂದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ.

ಇಲ್ಲಿ ಕಟ್ಟುವುದು ಎರಡು ಹಂತ: ಒಪಿಎ2134 ಆಪ್‌ಆಂಪಿನ (ಸಿಗ್ನಲ್ ಹಿಗ್ಗಿಸುವ ಪುಟ್ಟ ಚಿಪ್) ಫೋನೋ ಪ್ರಿಆಂಪ್ (ಮುಳ್ಳಿನ ಸಿಗ್ನಲನ್ನು ಮೊದಲು ಹಿಗ್ಗಿಸುವ ಹಂತ), ಎಲ್‌ಎಂ1875 ಚಿಪ್ಪಿನ ಚಾನಲಿಗೆ 20 ವ್ಯಾಟಿನ ಪವರ್ ಆಂಪ್. ನಡುವೆ ಒಂದು ವಾಲ್ಯೂಮ್ ಕಂಟ್ರೋಲ್, ಅಷ್ಟೆ. ಬೆಸುಗೆ ಹಾಕಲು, ಮಲ್ಟಿಮೀಟರ್ ಹಿಡಿಯಲು ಬರುವವರಿಗೆ ಇದು ನಾಲ್ಕೈದು ರಜಾದಿನಗಳ ಕೆಲಸ.

ಮೊದಲು ಕಾರ್ಟ್ರಿಡ್ಜ್ ಯಾವುದೆಂದು ನೋಡಿ

ಟೋನ್‌ಆರ್ಮಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್ ಮೂವಿಂಗ್ ಮ್ಯಾಗ್ನೆಟ್ ಬಗೆಯದಾಗಿದ್ದರೆ (ಮುಳ್ಳಿನ ಜೊತೆ ಪುಟ್ಟ ಅಯಸ್ಕಾಂತ ಅಲುಗುವಂಥದ್ದು) ಮಾತ್ರ ಈ ಸರ್ಕಿಟ್ ಹೊಂದುತ್ತದೆ. ಆಡಿಯೋ-ಟೆಕ್ನಿಕಾ ವಿಎಂ95ಇ 4 ಮಿಲಿವೋಲ್ಟ್ ಕೊಡುತ್ತದೆ, ಆರ್ಟೊಫಾನ್ 2ಎಂ ರೆಡ್ 5.5 ಮಿಲಿವೋಲ್ಟ್. ಎರಡಕ್ಕೂ 47 ಕಿಲೋಓಮ್ ಲೋಡ್ (ಸಿಗ್ನಲಿಗೆ ಅಡ್ಡಲಾಗಿ ಕೂರುವ ರೆಸಿಸ್ಟೆನ್ಸ್) ಬೇಕು. ಕಡಿಮೆ ಔಟ್‌ಪುಟ್ಟಿನ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್ ಕೊಡುವುದು ಅರ್ಧ ಮಿಲಿವೋಲ್ಟಿನ ಸುತ್ತಮುತ್ತ. ಅದಕ್ಕೆ ಇದರ ಮುಂದೆ ಇನ್ನೊಂದು ಹಂತವೋ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರೋ ಬೇಕಾಗುತ್ತದೆ. ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿರುವ ಸೆರಾಮಿಕ್ ಕಾರ್ಟ್ರಿಡ್ಜಿನ ಕಥೆ ಇದಕ್ಕೆ ತಿರುಗುಮುರುಗು. ಅದರ ಸಿಗ್ನಲ್ ನೂರಾರು ಮಿಲಿವೋಲ್ಟ್ ಇರುವುದರಿಂದ ಫೋನೋ ಪ್ರಿಆಂಪೇ ಬೇಡ. ಟರ್ನ್‌ಟೇಬಲ್ ಹಿಂಬದಿಯಲ್ಲಿ ಫೋನೋ/ಲೈನ್ ಎಂಬ ಸ್ವಿಚ್ ಇದ್ದರೆ ಒಳಗೇ ಒಂದು ಪ್ರಿಆಂಪ್ ಇದೆ ಎಂದರ್ಥ. ನೀವು ಕಟ್ಟಿದ್ದನ್ನು ಜೋಡಿಸುವಾಗ ಅದನ್ನು ಫೋನೋ ಕಡೆಗೆ ತಳ್ಳಿ. ಮರೆತರೆ ಎರಡು ಸಲ ಹಿಗ್ಗಿದ ಸದ್ದು ಒಡೆದು ಗುಡುಗುತ್ತದೆ.

ಫೋನೋ ಪ್ರಿಆಂಪ್ ಮಾಡುವ ಕೆಲಸ

ಮಂದ್ರದ ಸದ್ದನ್ನು ಇದ್ದ ಹಾಗೇ ಕೊರೆದರೆ ಗೆರೆ ಅಕ್ಕಪಕ್ಕದ ಗೆರೆಗೆ ತಾಗುವಷ್ಟು ಓಲಾಡುತ್ತದೆ, ಒಂದು ಬದಿಯಲ್ಲಿ ಹಿಡಿಸುವ ಹೊತ್ತು ಕುಗ್ಗುತ್ತದೆ. ತಾರದ ಸದ್ದನ್ನು ಇದ್ದ ಹಾಗೇ ಕೊರೆದರೆ ಅದು ತಟ್ಟೆಯ ಸುಯ್ ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಕೇಳುವಾಗ ನಾವು ಅದನ್ನು ಪೂರ್ತಿ ತಿರುಗಿಸಬೇಕು. ಎಷ್ಟು ತಿರುಗಿಸಬೇಕೆಂದು ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಗೊತ್ತುಮಾಡಿದ, 1954ರಿಂದ ಬಳಕೆಗೆ ಬಂದ ಆರ್‌ಐಎಎ ವಕ್ರರೇಖೆ ಹೇಳುತ್ತದೆ. ಅದರಲ್ಲಿರುವುದು ಮೂರು ಕಾಲಾಂಕಗಳು: 3180, 318 ಮತ್ತು 75 ಮೈಕ್ರೋಸೆಕೆಂಡ್. ಅಂದರೆ 50, 500 ಮತ್ತು 2122 ಹರ್ಟ್ಸ್‌ಗಳಲ್ಲಿ ಮೂರು ತಿರುವು. 1 ಕಿಲೋಹರ್ಟ್ಸ್ ಸೊನ್ನೆ ಎಂದಿಟ್ಟುಕೊಂಡರೆ 20 ಹರ್ಟ್ಸ್‌ನಲ್ಲಿ 19.3 ಡೆಸಿಬೆಲ್ ಏರಿಕೆ, 20 ಕಿಲೋಹರ್ಟ್ಸ್‌ನಲ್ಲಿ 19.6 ಡೆಸಿಬೆಲ್ ಇಳಿಕೆ.

ಈ ಮೂರೂ ತಿರುವುಗಳನ್ನು ಆಪ್‌ಆಂಪಿನ ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಹಿಂತಿರುಗುವ ದಾರಿ) ಎರಡು ರೆಸಿಸ್ಟರ್, ಎರಡು ಕೆಪಾಸಿಟರುಗಳಿಂದ ತರಬಹುದು. 7.5 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಸಮಾಂತರದಲ್ಲಿ ಸೇರಿದರೆ 75 ಮೈಕ್ರೋಸೆಕೆಂಡ್. 88.2 ಕಿಲೋಓಮ್ ಮತ್ತು 36 ನ್ಯಾನೋಫ್ಯಾರಡ್ ಸಮಾಂತರದಲ್ಲಿ ಸೇರಿದರೆ 3175, ಬೇಕಾದ್ದಕ್ಕೆ ಸಾಕಷ್ಟು ಹತ್ತಿರ. ಈ ಎರಡು ಜೋಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದಾಗ 318 ತಾನಾಗಿಯೇ ಬರುತ್ತದೆ. ಆದರೆ ರೆಸಿಸ್ಟರುಗಳ ಅನುಪಾತ 11.78 ಇರಬೇಕು, ಕೆಪಾಸಿಟರುಗಳದ್ದು 3.6. ಬೇರೆ ಮೌಲ್ಯದ ಭಾಗಗಳು ಕೈಯಲ್ಲಿದ್ದರೆ ಈ ಎರಡು ಅನುಪಾತ ಕೆಡದಂತೆ ಬದಲಿಸಿಕೊಳ್ಳಿ. ಬರೀ ಒಂದನ್ನು ಬದಲಿಸಿದರೆ ವಕ್ರರೇಖೆ ಸೊಟ್ಟಗಾಗುತ್ತದೆ.

ಒಂದು ಚಾನಲಿಗೆ ಬೇಕಾದದ್ದು (ಆಪ್‌ಆಂಪ್ ಮಾತ್ರ ಎರಡೂ ಚಾನಲಿಗೆ ಒಂದೇ, ಅದರೊಳಗೆ ಎರಡು ಇರುತ್ತವೆ):

- 1 ಶೇಕಡಾ ಮೆಟಲ್ ಫಿಲ್ಮ್ ರೆಸಿಸ್ಟರ್: 47 ಕಿಲೋಓಮ್ 1, 82 ಕಿಲೋಓಮ್ 1, 6.2 ಕಿಲೋಓಮ್ 1, 7.5 ಕಿಲೋಓಮ್ 1, 100 ಓಮ್ 2
- ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್ ಕೆಪಾಸಿಟರ್: 33 ನ್ಯಾನೋ, 3.3 ನ್ಯಾನೋ, 10 ನ್ಯಾನೋಫ್ಯಾರಡ್ ತಲಾ 1
- 470 ಮೈಕ್ರೋಫ್ಯಾರಡ್ 10 ವೋಲ್ಟ್ ಎಲೆಕ್ಟ್ರೊಲಿಟಿಕ್ 1
- 4.7 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ 1
- ಸಪ್ಲೈ ಪಿನ್ನುಗಳಿಗೆ 100 ನ್ಯಾನೋಫ್ಯಾರಡ್ 2, ಎರಡೂ ಚಾನಲ್ ಸೇರಿ ಒಂದೇ ಚಿಪ್ಪಾದ್ದರಿಂದ ಇಷ್ಟೇ ಸಾಕು

82 ಮತ್ತು 6.2 ಕಿಲೋಓಮ್ ಸರಣಿಯಲ್ಲಿ ಸೇರಿ 88.2 ಆಗುತ್ತದೆ. 33 ಮತ್ತು 3.3 ನ್ಯಾನೋಫ್ಯಾರಡ್ ಸಮಾಂತರದಲ್ಲಿ 36.3 ಆಗುತ್ತದೆ. ಇದು ಶೇಕಡಾ ಒಂದಕ್ಕಿಂತ ಕಡಿಮೆ ತಪ್ಪು, ಕಿವಿಗೆ ಸಿಗುವುದಿಲ್ಲ. ಆದರೆ ಕೆಪಾಸಿಟರಿನ ಮೇಲೆ ಅಚ್ಚಾದ ಮೌಲ್ಯವನ್ನು ನಂಬಬೇಡಿ. ಶೇಕಡಾ 10 ಬಗೆಯದಾದರೆ ಒಂದು ಚಾನಲ್ ಏರಿ ಇನ್ನೊಂದು ಇಳಿದು, ಎಡಬಲದ ನಡುವೆ ಒಂದು ಡೆಸಿಬೆಲಿಗೂ ಮಿಕ್ಕಿದ ವ್ಯತ್ಯಾಸ ಬರಬಹುದು. ಆಗ ನಟ್ಟನಡುವೆ ಕೇಳಬೇಕಾದ ಗಾಯಕನ ದನಿ ಒಂದು ಬದಿಗೆ ವಾಲುತ್ತದೆ. ಪ್ರತಿ ಮೌಲ್ಯಕ್ಕೂ ಹತ್ತು ತಂದು ಕೆಪಾಸಿಟೆನ್ಸ್ ಮೀಟರಿನಲ್ಲಿ ಅಳೆದು, ಒಂದಕ್ಕೊಂದು ಹತ್ತಿರದ ಎರಡನ್ನು ಆರಿಸಿ. ನಿಖರತೆಗಿಂತ ಎರಡೂ ಚಾನಲ್ ಒಂದೇ ಆಗಿರುವುದು ಮುಖ್ಯ. ಅಗ್ಗದ ಎಕ್ಸ್7ಆರ್ ಸೆರಾಮಿಕ್ ಕೆಪಾಸಿಟರನ್ನು ಈ ಜಾಗದಲ್ಲಿ ಬಳಸಲೇಬಾರದು. ವೋಲ್ಟೇಜ್ ಬದಲಾದಂತೆ ಅದರ ಮೌಲ್ಯ ಬದಲಾಗುತ್ತದೆ, ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಕ್ ಎನ್ನುತ್ತದೆ.

ಒಪಿಎ2134ರ ಬದಲಿಗೆ ಅದೇ ಕಾಲುಗಳ ಎನ್‌ಇ5532 ಕೂರಿಸಬಹುದು. ಪುಸ್ತಕದ ಅಂಕಿ ನೋಡಿದರೆ 5532ರ ವೋಲ್ಟೇಜ್ ನಾಯ್ಸ್ (ಚಿಪ್ ತಾನೇ ಹುಟ್ಟಿಸುವ ಸುಯ್ ಸದ್ದು) ಕಡಿಮೆ: ಅದು 5 ನ್ಯಾನೋವೋಲ್ಟ್, ಇದು 8. ಆದರೆ 5532ಗೆ ಕರೆಂಟ್ ನಾಯ್ಸ್ ಕೂಡ ಇದೆ, ಸುಮಾರು 0.7 ಪಿಕೋಆಂಪಿಯರ್. ಅರ್ಧ ಹೆನ್ರಿಯ ಕಾರ್ಟ್ರಿಡ್ಜ್ ಸುರುಳಿ 10 ಕಿಲೋಹರ್ಟ್ಸ್‌ನಲ್ಲಿ 31 ಕಿಲೋಓಮಿನಂತೆ ವರ್ತಿಸುವಾಗ ಅದು 20 ನ್ಯಾನೋವೋಲ್ಟಿಗೂ ಮಿಕ್ಕುತ್ತದೆ. ಎಫ್‌ಇಟಿ ಇನ್‌ಪುಟ್ಟಿನ 2134ಗೆ ಆ ಕಾಟವಿಲ್ಲ. ಕಾರ್ಟ್ರಿಡ್ಜ್ ಇಲ್ಲದೆ ಇನ್‌ಪುಟ್ ಶಾರ್ಟ್ ಮಾಡಿ ಅಳೆದವರು 5532 ಮೇಲೆಂದು ತೀರ್ಮಾನಿಸುವುದು ಇದೇ ಕಾರಣಕ್ಕೆ.

ಬೋರ್ಡಿನ ಮೇಲೆ ಜೋಡಣೆ

ಎಡ ಚಾನಲ್: ಇನ್‌ಪುಟ್ ಸಾಕೆಟ್ಟಿನಿಂದ ಪಿನ್ 3ಕ್ಕೆ, ಅಲ್ಲಿಂದ 47 ಕಿಲೋಓಮ್ ಗ್ರೌಂಡಿಗೆ. ಪಿನ್ 2ರಿಂದ 100 ಓಮ್, ಅದರ ಹಿಂದೆ 470 ಮೈಕ್ರೋಫ್ಯಾರಡ್, ಆಮೇಲೆ ಗ್ರೌಂಡ್. ಪಿನ್ 1ರಿಂದ ಪಿನ್ 2ಕ್ಕೆ ಮೇಲೆ ಹೇಳಿದ ಎರಡು ಜೋಡಿಗಳ ಸರಣಿ. ಪಿನ್ 1ರಿಂದ ಇನ್ನೊಂದು 100 ಓಮ್, 4.7 ಮೈಕ್ರೋಫ್ಯಾರಡ್ ದಾಟಿ ಔಟ್‌ಪುಟ್. ಬಲ ಚಾನಲಿಗೆ ಇದೇ ಕ್ರಮದಲ್ಲಿ ಪಿನ್ 5, 6, 7. ಪಿನ್ 8ಕ್ಕೆ +15 ವೋಲ್ಟ್, ಪಿನ್ 4ಕ್ಕೆ -15 ವೋಲ್ಟ್. ಎರಡಕ್ಕೂ 100 ನ್ಯಾನೋಫ್ಯಾರಡನ್ನು ಪಿನ್ನಿಗೆ ಆದಷ್ಟು ಹತ್ತಿರ ಬೆಸೆಯಿರಿ. ಚಿಪ್ಪನ್ನು ನೇರ ಬೆಸೆಯದೆ 8 ಕಾಲಿನ ಸಾಕೆಟ್ ಹಾಕಿ.

470 ಮೈಕ್ರೋಫ್ಯಾರಡ್ ಅಷ್ಟು ದೊಡ್ಡದೇಕೆ ಎಂದರೆ, 100 ಓಮ್ ಜೊತೆ ಅದು 3.4 ಹರ್ಟ್ಸ್‌ನಲ್ಲಿ ತುಂಡರಿಸುತ್ತದೆ. 47 ಹಾಕಿದರೆ 34 ಹರ್ಟ್ಸ್ ಆಗಿ ಮೃದಂಗದ ತೊಪ್ಪಿಯ ಆಳ ಹೋಗುತ್ತದೆ. ಪೂರ್ತಿ ಬಿಟ್ಟು 100 ಓಮನ್ನು ನೇರ ಗ್ರೌಂಡಿಗೆ ಕೊಟ್ಟರೆ ಡಿಸಿಗೂ (ಏರಿಳಿಯದ ನೇರ ವೋಲ್ಟೇಜಿಗೂ) 950 ಪಟ್ಟು ಗೇನ್, ಅಂದರೆ ಹಿಗ್ಗುವಿಕೆ, ಬರುತ್ತದೆ. ಆಪ್‌ಆಂಪಿನ 1 ಮಿಲಿವೋಲ್ಟ್ ಆಫ್‌ಸೆಟ್ (ಸಿಗ್ನಲ್ ಇಲ್ಲದಾಗಲೂ ಇರುವ ಡಿಸಿ) ಹೊರಗೆ 1 ವೋಲ್ಟ್ ಆಗುತ್ತದೆ.

ಈಗ ಗೇನ್ ಲೆಕ್ಕ. 1 ಕಿಲೋಹರ್ಟ್ಸ್‌ನಲ್ಲಿ ಈ ಹಂತ 97 ಪಟ್ಟು ಹಿಗ್ಗಿಸುತ್ತದೆ, ಅಂದರೆ 39.8 ಡೆಸಿಬೆಲ್. 5 ಮಿಲಿವೋಲ್ಟ್ ಬಂದರೆ 0.49 ವೋಲ್ಟ್. ಮುಂದಿನ ಪವರ್ ಆಂಪಿನ ಗೇನ್ 21, ಹಾಗಾಗಿ 10 ವೋಲ್ಟ್, 8 ಓಮ್ ಸ್ಪೀಕರಿಗೆ 13 ವ್ಯಾಟ್. ಹಾಡಿನ ಏರುದನಿಗಳು ಈ 5 ಮಿಲಿವೋಲ್ಟನ್ನು ಎಷ್ಟೋ ಪಟ್ಟು ಮೀರುವುದರಿಂದ ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗೇ ಇಟ್ಟು ಕೇಳುತ್ತೀರಿ. ನಡುವೆ ಇನ್ನೊಂದು ಹಂತ ತುರುಕುವ ಅಗತ್ಯವೇ ಇಲ್ಲ.

ಕೇಬಲ್ಲಿನ ಕೆಪಾಸಿಟೆನ್ಸ್ ವಿಷಯ ಬಹಳ ಮಂದಿ ಮರೆಯುತ್ತಾರೆ. ವಿಎಂ95ಇ ಕಾರ್ಟ್ರಿಡ್ಜಿನ ಇಂಡಕ್ಟೆನ್ಸ್ 550 ಮಿಲಿಹೆನ್ರಿ, ಅದು ಕೇಳುವುದು 100ರಿಂದ 200 ಪಿಕೋಫ್ಯಾರಡ್. ಒಟ್ಟು 200 ಇದ್ದರೆ ಇವೆರಡರ ಅನುರಣನ 15 ಕಿಲೋಹರ್ಟ್ಸ್ ಮೇಲೆ ಬೀಳುತ್ತದೆ. ಉದ್ದನೆಯ ಕೇಬಲ್ ಹಾಕಿ 400 ಆದರೆ 10.7ಕ್ಕೆ ಇಳಿಯುತ್ತದೆ. ಆಗ ತಾಳದ ಸದ್ದು ಮೊದಲು ಚುಚ್ಚುವಂತೆ ಏರಿ ಆಮೇಲೆ ಥಟ್ಟನೆ ಬೀಳುತ್ತದೆ. ಸಾಮಾನ್ಯ ಶೀಲ್ಡೆಡ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹೊತ್ತಿರುತ್ತದೆ. ಕೇಬಲ್ ಒಂದು ಮೀಟರಿನೊಳಗೆ ಇರಲಿ. ಯಾವುದೋ ಚಿತ್ರದಲ್ಲಿದೆ ಎಂದು ಇನ್‌ಪುಟ್ಟಿಗೆ ಅಡ್ಡಲಾಗಿ 220 ಪಿಕೋಫ್ಯಾರಡ್ ಹಾಕಬೇಡಿ.

ಪವರ್ ಆಂಪ್

ಎಲ್‌ಎಂ1875ಕ್ಕೆ ಐದೇ ಕಾಲು: 1 ಇನ್‌ಪುಟ್, 2 ಫೀಡ್‌ಬ್ಯಾಕ್, 3 ನೆಗೆಟಿವ್ ಸಪ್ಲೈ, 4 ಔಟ್‌ಪುಟ್, 5 ಪಾಸಿಟಿವ್ ಸಪ್ಲೈ. ಪ್ರಿಆಂಪಿನ ಔಟ್‌ಪುಟ್ 10 ಕಿಲೋಓಮ್ ಲಾಗ್ ಬಗೆಯ ಡಬಲ್ ಪೊಟೆನ್ಶಿಯೋಮೀಟರಿಗೆ (ಇದೇ ವಾಲ್ಯೂಮ್ ಕಂಟ್ರೋಲ್) ಹೋಗುತ್ತದೆ. ಅದರ ನಡುಕಾಲಿನಿಂದ 2.2 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ದಾಟಿ ಪಿನ್ 1ಕ್ಕೆ, ಪಿನ್ 1ರಿಂದ 22 ಕಿಲೋಓಮ್ ಗ್ರೌಂಡಿಗೆ. ಪಿನ್ 4ರಿಂದ 2ಕ್ಕೆ 20 ಕಿಲೋಓಮ್, ಪಿನ್ 2ರಿಂದ 1 ಕಿಲೋಓಮ್ ಮತ್ತು 47 ಮೈಕ್ರೋಫ್ಯಾರಡ್ ಸರಣಿಯಲ್ಲಿ ಗ್ರೌಂಡಿಗೆ. ಪಿನ್ 4ರಿಂದ 1 ಓಮ್ (1 ವ್ಯಾಟ್) ಮತ್ತು 220 ನ್ಯಾನೋಫ್ಯಾರಡ್ ಸರಣಿಯಲ್ಲಿ ಗ್ರೌಂಡಿಗೆ. ಪಿನ್ 3 ಮತ್ತು 5ಕ್ಕೆ ತಲಾ 100 ನ್ಯಾನೋಫ್ಯಾರಡ್ ಒಂದು ಸೆಂಟಿಮೀಟರಿನೊಳಗೆ, ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ 50 ವೋಲ್ಟ್.

ಗೇನನ್ನು 10ಕ್ಕಿಂತ ಕೆಳಗೆ ಇಳಿಸಬೇಡಿ, ಚಿಪ್ ಸ್ಥಿರವಾಗಿ ನಿಲ್ಲುವುದಿಲ್ಲ. 1 ಓಮ್ ಮತ್ತು 220 ನ್ಯಾನೋಫ್ಯಾರಡ್ ಜೋಡಿ ಕೆಲಸಕ್ಕೆ ಬಾರದ್ದೆಂದು ಬಿಟ್ಟವರ ಚಿಪ್ ಹಾಡಿಲ್ಲದಿದ್ದರೂ ಸುಡುತ್ತದೆ. ಕಿವಿಗೆ ಕೇಳದಷ್ಟು ಎತ್ತರದ ಆವರ್ತನದಲ್ಲಿ ಅದು ಆಂದೋಲನಕ್ಕೆ ಬಿದ್ದಿರುತ್ತದೆ.

ಚಿಪ್ಪಿನ ಬೆನ್ನಿನ ಲೋಹ ಒಳಗೆ ಪಿನ್ 3ಕ್ಕೆ, ಅಂದರೆ ನೆಗೆಟಿವ್ ಸಪ್ಲೈಗೆ ಸೇರಿದೆ. ಹೀಟ್‌ಸಿಂಕಿಗೆ ಬಿಗಿಯುವಾಗ ಮೈಕಾ ಹಾಳೆ ಅಥವಾ ಸಿಲಿಕೋನ್ ಪ್ಯಾಡ್, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಿ. ಬಿಗಿದ ಮೇಲೆ ಮಲ್ಟಿಮೀಟರಿನಲ್ಲಿ ಬೆನ್ನು ಮತ್ತು ಹೀಟ್‌ಸಿಂಕ್ ನಡುವೆ ಸಂಪರ್ಕವಿಲ್ಲವೆಂದು ನೋಡಿಯೇ ಮುಂದೆ ಹೋಗಿ. ರಂಧ್ರ ಕೊರೆದಾಗ ಉಳಿದ ಚೂಪು ಅಂಚು ಪ್ಯಾಡನ್ನು ತೂತು ಮಾಡುವುದುಂಟು.

±25 ವೋಲ್ಟ್, 8 ಓಮಿಗೆ ಒಂದು ಚಿಪ್ ಹೆಚ್ಚೆಂದರೆ 19 ವ್ಯಾಟ್ ಶಾಖ ಬಿಡುತ್ತದೆ. ಒಳಗಿನ ಬಿಸಿ 150 ಡಿಗ್ರಿ ದಾಟಬಾರದು, ಸುತ್ತಲಿನ ಗಾಳಿ 40 ಡಿಗ್ರಿ ಎಂದರೆ ವ್ಯಾಟಿಗೆ 5.8 ಡಿಗ್ರಿ ಉಳಿಯಿತು. ಅದರಲ್ಲಿ ಚಿಪ್ಪೇ 3 ನುಂಗುತ್ತದೆ, ಪ್ಯಾಡ್ ಸುಮಾರು 0.7. ಉಳಿದದ್ದು 2.1. ಅಂಚಿಗೆ ಹೋಗದೆ ಚಿಪ್ಪಿಗೊಂದು 1.5 ಡಿಗ್ರಿ ಪ್ರತಿ ವ್ಯಾಟಿನ ಹೀಟ್‌ಸಿಂಕ್ ತನ್ನಿ. ಎರಡನ್ನೂ ಒಂದಕ್ಕೇ ಬಿಗಿದರೆ ಅದು 0.75 ಇರಬೇಕು. ರೆಕ್ಕೆಗಳು ನೆಟ್ಟಗೆ ನಿಲ್ಲಲಿ, ಮೇಲೆ ಕೆಳಗೆ ಗಾಳಿಗೆ ದಾರಿ ಇರಲಿ.

ಪವರ್ ಸಪ್ಲೈ

ಇಲ್ಲಿ ಮೇನ್ಸ್ ಕರೆಂಟ್ ಇದೆ. ಮೇನ್ಸ್ ಭಾಗವನ್ನು ಹಿಂದೆ ಯಾವತ್ತೂ ಮಾಡದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಲೋಹದ ಪೆಟ್ಟಿಗೆಗೆ ಮೇನ್ಸ್ ಅರ್ಥ್ ತಂತಿಯನ್ನು ಅದಕ್ಕೇ ಮೀಸಲಾದ ಬೋಲ್ಟಿನಲ್ಲಿ, ಬಣ್ಣ ಕೆರೆದು, ಹಲ್ಲಿನ ವಾಶರ್ ಹಾಕಿ ಬಿಗಿಯಿರಿ. ಎಲ್ಲಕ್ಕಿಂತ ಮೊದಲು ಅದು, ಆಮೇಲೆ ಫ್ಯೂಸ್, ಸ್ವಿಚ್, ಟ್ರಾನ್ಸ್‌ಫಾರ್ಮರ್. ಫ್ಯೂಸ್ ಸ್ಲೋ ಬಗೆಯದಿರಲಿ: 230 ವೋಲ್ಟ್ ಇರುವಲ್ಲಿ 1 ಆಂಪಿಯರ್, 115 ಇರುವಲ್ಲಿ 2. ವೇಗದ ಫ್ಯೂಸ್ ಹಾಕಿದರೆ ಟೊರಾಯಿಡ್ ಟ್ರಾನ್ಸ್‌ಫಾರ್ಮರ್ ಆನ್ ಆಗುವಾಗ ಎಳೆಯುವ ಹೊಡೆತಕ್ಕೇ ಹೋಗುತ್ತದೆ. ಬೆಸೆದ ಮೇನ್ಸ್ ತುದಿಗಳಿಗೆಲ್ಲ ಸ್ಲೀವ್ ತೊಡಿಸಿ.

ಎರಡು ಚಾನಲಿಗೆ 18-0-18 ವೋಲ್ಟ್, 100 ವಿಎ ಟೊರಾಯಿಡ್ ಸಾಕು. ಬ್ರಿಜ್ ರೆಕ್ಟಿಫೈಯರ್ ದಾಟಿದ ಮೇಲೆ ಲೋಡಿಲ್ಲದಾಗ ±25ರಿಂದ 27 ವೋಲ್ಟ್ ಬರುತ್ತದೆ. ಚಿಪ್ಪಿನ ಮಿತಿ ±30, ಮೇನ್ಸ್ ಏರಿದರೂ ಜಾಗವಿದೆ. 22-0-22 ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಮಿತಿ ದಾಟುತ್ತದೆ. ಪ್ರತಿ ಬದಿಗೆ 10,000 ಮೈಕ್ರೋಫ್ಯಾರಡ್, 50 ವೋಲ್ಟಿನದು. 35 ವೋಲ್ಟಿನದೂ ನಡೆಯುತ್ತದೆ ಎನ್ನುತ್ತಾರೆ, ಬಿಸಿಯಲ್ಲಿ ವರ್ಷಗಟ್ಟಲೆ ಬಾಳುವುದು 50ರದು. ಪ್ರತಿಯೊಂದಕ್ಕೂ ಅಡ್ಡಲಾಗಿ 2.2 ಕಿಲೋಓಮ್ 1 ವ್ಯಾಟ್ ರೆಸಿಸ್ಟರ್ ಇರಲಿ. ಸ್ವಿಚ್ ಆರಿಸಿದ ಮೇಲೆ ಒಂದೆರಡು ನಿಮಿಷದಲ್ಲಿ ಕೆಪಾಸಿಟರ್ ಬರಿದಾಗುತ್ತದೆ.

ಪ್ರಿಆಂಪಿಗೆ ಇದೇ ಸಪ್ಲೈಯಿಂದ 7815 ಮತ್ತು 7915 ರೆಗ್ಯುಲೇಟರ್ ಮೂಲಕ ±15 ವೋಲ್ಟ್ ತೆಗೆಯಿರಿ. ಎಳೆಯುವ ಕರೆಂಟ್ ಹತ್ತೇ ಮಿಲಿಆಂಪಿಯರ್ ಆದ್ದರಿಂದ ಹೀಟ್‌ಸಿಂಕ್ ಬೇಡ. ಇಲ್ಲಿ ಎಡವುವವರು ಬಹಳ: 7815ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7915ರದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಒಂದೇ ತರಹ ಬೆಸೆದರೆ ಎರಡನೆಯದು ಸತ್ತಂತೆಯೇ. ಎರಡರ ಔಟ್‌ಪುಟ್ಟಿಗೂ 10 ಮೈಕ್ರೋಫ್ಯಾರಡ್ ಹಾಕಿ. ಅದಿಲ್ಲದೆ 7915 ಆಂದೋಲನಕ್ಕೆ ಬೀಳುತ್ತದೆ.

ಗ್ರೌಂಡ್: ಗುಂಯ್ ಸದ್ದಿನ ತವರು

ರೆಕ್ಟಿಫೈಯರಿನಿಂದ ದೊಡ್ಡ ಕೆಪಾಸಿಟರಿಗೆ ಕರೆಂಟ್ ಹರಿಯುವುದು ಸಮವಾಗಿ ಅಲ್ಲ, ಮೇನ್ಸ್‌ನ ಪ್ರತಿ ಅರ್ಧ ಅಲೆಗೊಮ್ಮೆ ಬಡಿತದಂತೆ, ಹಲವು ಆಂಪಿಯರ್. ಆ ಬಡಿತ ಹಾಯುವ ತಂತಿ 10 ಮಿಲಿಓಮ್ ಇದ್ದರೂ ಅದರ ಎರಡು ತುದಿಗಳ ನಡುವೆ ಹತ್ತಾರು ಮಿಲಿವೋಲ್ಟ್ ಏಳುತ್ತದೆ. ನಮ್ಮ ಹಾಡು 5 ಮಿಲಿವೋಲ್ಟ್! ಹಾಡಿನ ಗ್ರೌಂಡ್ ಆ ತಂತಿಯ ತುಂಡನ್ನು ಹಂಚಿಕೊಂಡರೆ ಮುಗಿಯಿತು.

ಅದಕ್ಕೆ ಕ್ರಮ ಹೀಗಿರಲಿ. ಟ್ರಾನ್ಸ್‌ಫಾರ್ಮರಿನ ನಡು ತಂತಿ ನೇರ ಎರಡು ದೊಡ್ಡ ಕೆಪಾಸಿಟರುಗಳು ಕೂಡುವ ಜಾಗಕ್ಕೆ ಬರಲಿ. ಅಲ್ಲಿಂದ ಒಂದು ದಪ್ಪ ತಂತಿ ಎಳೆದು ಪಕ್ಕದಲ್ಲಿ ಬೇರೆಯೇ ಒಂದು ಕೂಡುಬಿಂದು ಮಾಡಿ. ಸ್ಪೀಕರಿನ ಮೈನಸ್, 1 ಓಮ್ ಜೋಡಿಯ ಗ್ರೌಂಡ್, ಚಿಪ್ಪಿನ 100 ಮೈಕ್ರೋಫ್ಯಾರಡುಗಳ ಗ್ರೌಂಡ್, ಪ್ರಿಆಂಪ್ ಬೋರ್ಡಿನ ಗ್ರೌಂಡ್ ಎಲ್ಲವೂ ಬೇರೆಬೇರೆ ತಂತಿಯಲ್ಲಿ ಆ ಬಿಂದುವಿಗೇ ಸೇರಲಿ, ದಾರಿಯಲ್ಲಿ ಒಂದನ್ನೊಂದು ಮುಟ್ಟದಿರಲಿ. ಪವರ್ ಆಂಪಿನ 22 ಕಿಲೋಓಮ್ ಮತ್ತು 47 ಮೈಕ್ರೋಫ್ಯಾರಡಿನ ಗ್ರೌಂಡ್ ಮಾತ್ರ ಇನ್‌ಪುಟ್ ಕೇಬಲ್ಲಿನ ಗ್ರೌಂಡಿನ ಜೊತೆಗೆ ಒಂದೇ ಜಾಗದಲ್ಲಿರಬೇಕು. ಆರ್‌ಸಿಎ ಸಾಕೆಟ್ಟುಗಳ ಹೊರ ಉಂಗುರ ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ವಾಶರ್ ಹಾಕಿ. ಕೂಡುಬಿಂದುವಿನಿಂದ ಪೆಟ್ಟಿಗೆಗೆ ಒಂದೇ ಒಂದು ಸಂಪರ್ಕ. ಟರ್ನ್‌ಟೇಬಲಿನಿಂದ ಬರುವ ಸಣ್ಣ ಗ್ರೌಂಡ್ ತಂತಿಗೆ ಪೆಟ್ಟಿಗೆಯ ಹಿಂದೆ, ಫೋನೋ ಸಾಕೆಟ್ಟಿನ ಪಕ್ಕ, ಒಂದು ತಿರುಪು ಕೊಡಿ.

ಟ್ರಾನ್ಸ್‌ಫಾರ್ಮರ್ ಮತ್ತು ಪ್ರಿಆಂಪ್ ಬೋರ್ಡ್ ಪೆಟ್ಟಿಗೆಯ ಎದುರುಬದುರು ಮೂಲೆಗಳಲ್ಲಿ, ಕನಿಷ್ಠ 25 ಸೆಂಟಿಮೀಟರ್ ದೂರ ಇರಲಿ. ಜಾಗವಿದ್ದರೆ ಸಪ್ಲೈಯನ್ನೇ ಬೇರೆ ಪೆಟ್ಟಿಗೆಯಲ್ಲಿಡುವುದು ಇನ್ನೂ ಮೇಲು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಅಲ್ಯೂಮಿನಿಯಂ ತಗಡು ತಡೆಯುವುದಿಲ್ಲ, ದೂರ ಇಡುವುದೇ ದಾರಿ. ಟೊರಾಯಿಡನ್ನು ನಡುವಿನ ಬೋಲ್ಟ್ ಸಡಿಲಿಸಿ ಸ್ವಲ್ಪ ತಿರುಗಿಸುತ್ತ, ಗುಂಯ್ ತೀರಾ ಕಡಿಮೆಯಾದ ಕೋನದಲ್ಲಿ ಬಿಗಿಯಿರಿ. ಪ್ರತಿ ಸಲ ಮೇನ್ಸ್ ಪ್ಲಗ್ ಕಿತ್ತು, ತಿರುಗಿಸಿ, ಮತ್ತೆ ಹಾಕಿ ಕೇಳಬೇಕು. ಬೇಸರದ ಕೆಲಸ, ಆದರೆ ಫಲವಿದೆ.

ಆನ್ ಮಾಡುವ ಕ್ರಮ

ಒಂದೇ ಸಲಕ್ಕೆ ಎಲ್ಲ ಜೋಡಿಸಿ ಸ್ವಿಚ್ ಒತ್ತಬೇಡಿ. 60 ವ್ಯಾಟಿನ ತಂತಿ ಬಲ್ಬನ್ನು ಮೇನ್ಸ್ ಜೊತೆ ಸರಣಿಯಲ್ಲಿಟ್ಟ ಸೀರೀಸ್ ಬೋರ್ಡ್ ಮಾಡಿಕೊಳ್ಳಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

1. ಸಪ್ಲೈ ಮಾತ್ರ. ಬಲ್ಬ್ ಒಮ್ಮೆ ಮಿನುಗಿ ಆರಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಹೆಚ್ಚಾಗಿ ಬ್ರಿಜ್ಜೋ ಕೆಪಾಸಿಟರೋ ತಿರುವುಮುರುವಾಗಿರುತ್ತದೆ.
2. ರೆಗ್ಯುಲೇಟರ್ ಸೇರಿಸಿ, ಚಿಪ್ ಇಲ್ಲದ ಸಾಕೆಟ್ಟಿನ ಪಿನ್ 8ರಲ್ಲಿ +15, ಪಿನ್ 4ರಲ್ಲಿ -15 ಅಳೆಯಿರಿ. ಆರಿಸಿ, ಬರಿದಾಗುವವರೆಗೆ ಕಾದು, ಚಿಪ್ ಕೂರಿಸಿ. ಪಿನ್ 1 ಮತ್ತು 7ರಲ್ಲಿ ಕೆಲವೇ ಮಿಲಿವೋಲ್ಟ್ ಡಿಸಿ ಇರಬೇಕು.
3. ಪವರ್ ಆಂಪಿಗೆ ಸಪ್ಲೈ ಕೊಡಿ, ಸ್ಪೀಕರ್ ಬೇಡ. ಔಟ್‌ಪುಟ್ ಡಿಸಿ 20 ಮಿಲಿವೋಲ್ಟಿನೊಳಗೆ ಇದ್ದರೆ ಸರಿ. 100 ದಾಟಿದರೆ 47 ಮೈಕ್ರೋಫ್ಯಾರಡ್ ತಿರುಗಿದೆಯೋ ಸೋರುತ್ತಿದೆಯೋ ನೋಡಿ.
4. 8 ಓಮ್ 20 ವ್ಯಾಟ್ ರೆಸಿಸ್ಟರನ್ನು ಸ್ಪೀಕರಿನ ಬದಲು ಇಟ್ಟು ಹತ್ತು ನಿಮಿಷ ಬಿಡಿ. ಸಿಗ್ನಲ್ ಇಲ್ಲದಾಗ ಹೀಟ್‌ಸಿಂಕ್ ಬೆಚ್ಚಗಿರಬೇಕು, ಸುಡಬಾರದು. ಚಿಪ್ಪೊಂದು ಸುಮ್ಮನೆ ಎಳೆಯುವುದು 70 ಮಿಲಿಆಂಪಿಯರ್ ಸುತ್ತಮುತ್ತ.
5. ಆಮೇಲೆ ಬಲ್ಬ್ ತೆಗೆದು, ಕಳೆದುಕೊಂಡರೂ ಚಿಂತೆಯಿಲ್ಲದ ಹಳೆಯ ಸ್ಪೀಕರ್ ಹಾಕಿ.

ಒಳ್ಳೆಯ ಸ್ಪೀಕರಿಗೆ ಡಿಸಿ ಪತ್ತೆ ಮಾಡಿ ಕತ್ತರಿಸುವ ರಿಲೇ ಬೋರ್ಡ್ ಒಂದನ್ನು ಸೇರಿಸುವುದು ಜಾಣತನ. ಚಿಪ್ ಒಳಗೆ ಶಾರ್ಟ್ ಆದರೆ ಇಡೀ 25 ವೋಲ್ಟ್ ವೂಫರಿನ ಸುರುಳಿಗೆ ನುಗ್ಗುತ್ತದೆ.

ಆರ್‌ಐಎಎ ಸರಿ ಬಂತೇ ಎಂದು ನೋಡಲು 10 ಕಿಲೋಓಮ್ ಮತ್ತು 100 ಓಮ್ ಜೋಡಿಸಿ ನೂರರಲ್ಲೊಂದು ಭಾಗಕ್ಕೆ ಇಳಿಸುವ ವಿಭಾಜಕ ಮಾಡಿ. ಮೊಬೈಲಿನಲ್ಲಿ ಸೈನ್ ಟೋನ್ ಹುಟ್ಟಿಸಿ ಅದರ ಮೂಲಕ ಇನ್‌ಪುಟ್ಟಿಗೆ ಕೊಡಿ. ಔಟ್‌ಪುಟ್, 1 ಕಿಲೋಹರ್ಟ್ಸ್‌ಗೆ ಹೋಲಿಸಿ, 100 ಹರ್ಟ್ಸ್‌ನಲ್ಲಿ 13.1 ಡೆಸಿಬೆಲ್ ಮೇಲೆ, 500ರಲ್ಲಿ 2.6 ಮೇಲೆ, 5 ಕಿಲೋಹರ್ಟ್ಸ್‌ನಲ್ಲಿ 8.2 ಕೆಳಗೆ, 10ರಲ್ಲಿ 13.7 ಕೆಳಗೆ ಇರಬೇಕು. ಅರ್ಧ ಡೆಸಿಬೆಲ್ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಗ್ಗದ ಮಲ್ಟಿಮೀಟರ್ 1 ಕಿಲೋಹರ್ಟ್ಸ್ ದಾಟಿದ ಮೇಲೆ ಸುಳ್ಳು ಹೇಳುತ್ತದೆ, ಕಂಪ್ಯೂಟರಿನ ಸೌಂಡ್ ಕಾರ್ಡಿನಲ್ಲಿ ಅಳೆಯುವುದು ಲೇಸು.

ಸದ್ದು ಬಂದರೆ

ಮೊದಲು ಫೋನೋ ಇನ್‌ಪುಟ್ಟಿಗೆ ಶಾರ್ಟ್ ಮಾಡಿದ ಆರ್‌ಸಿಎ ಪ್ಲಗ್ ಹಾಕಿ. ಗುಂಯ್ ನಿಂತರೆ ತಪ್ಪು ಹೊರಗಿದೆ: ಟರ್ನ್‌ಟೇಬಲಿನ ಗ್ರೌಂಡ್ ತಂತಿ, ಹೆಡ್‌ಶೆಲ್ಲಿನ ಸಣ್ಣ ಕ್ಲಿಪ್ಪು, ಕೇಬಲ್, ಅಥವಾ ಟರ್ನ್‌ಟೇಬಲ್ ಕೆಳಗೇ ಆಂಪ್ಲಿಫೈಯರ್ ಇಟ್ಟಿರುವುದು. ನಿಲ್ಲದಿದ್ದರೆ ತಪ್ಪು ಪೆಟ್ಟಿಗೆಯೊಳಗೆ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದಾಗ ಹೋದರೆ ಪ್ರಿಆಂಪ್ ಕಡೆ, ಹೋಗದಿದ್ದರೆ ಪವರ್ ಆಂಪ್ ಅಥವಾ ಸಪ್ಲೈ. ಸದ್ದಿನ ಬಗೆಯೂ ಗುರುತು ಹೇಳುತ್ತದೆ. ನಯವಾದ ದಪ್ಪ ಗುಂಯ್ 50 ಅಥವಾ 60 ಹರ್ಟ್ಸ್‌ನದು, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಅಥವಾ ಬಿಟ್ಟುಹೋದ ಗ್ರೌಂಡ್. ಕರಕರ ಎನ್ನುವ ಝೇಂಕಾರ ಅದರ ದುಪ್ಪಟ್ಟು ಆವರ್ತನದ್ದು, ರೆಕ್ಟಿಫೈಯರಿನ ಬಡಿತ ಹಾಡಿನ ಗ್ರೌಂಡಿಗೆ ಬೆರೆತಿದೆ. ಎಫ್‌ಎಂ ರೇಡಿಯೋ ಕೇಳಿಬಂದರೆ ಇನ್‌ಪುಟ್ ತಂತಿಯನ್ನು ಸಣ್ಣ ಫೆರೈಟ್ ಮಣಿಯೊಳಗೆ ಹಾಯಿಸಿ.

ಟೋನ್‌ಆರ್ಮ್ ಹೊಂದಿಸುವುದು

ಆಂಪ್ಲಿಫೈಯರ್ ಎಷ್ಟೇ ಚೆನ್ನಾಗಿದ್ದರೂ ಮುಳ್ಳು ಗೆರೆಯಲ್ಲಿ ಸೊಟ್ಟಗೆ ಕೂತರೆ ಪ್ರಯೋಜನವಿಲ್ಲ. ಮೊದಲು ಟರ್ನ್‌ಟೇಬಲನ್ನು ಮಟ್ಟಗೋಲಿಟ್ಟು ಸಮ ಮಾಡಿ. ಟೋನ್‌ಆರ್ಮ್ ಗಾಳಿಯಲ್ಲಿ ತೇಲುವಂತೆ ಹಿಂದಿನ ತೂಕವನ್ನು ಹೊಂದಿಸಿ, ಅಳತೆ ಉಂಗುರವನ್ನು ಸೊನ್ನೆಗೆ ತಂದು, ಕಾರ್ಟ್ರಿಡ್ಜ್ ಕಂಪನಿ ಹೇಳಿದಷ್ಟು ಭಾರ ಕೊಡಿ. ವಿಎಂ95ಇಗೆ 2 ಗ್ರಾಂ, 2ಎಂ ರೆಡ್‌ಗೆ 1.8 ಗ್ರಾಂ. ಉಂಗುರದ ಗುರುತನ್ನು ನಂಬದೆ 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ, ತಟ್ಟೆಯ ಎತ್ತರದಲ್ಲೇ, ಅಳೆಯಿರಿ. ಭಾರ ಕಡಿಮೆ ಇದ್ದರೆ ರೆಕಾರ್ಡಿಗೆ ಒಳ್ಳೆಯದೆಂಬ ನಂಬಿಕೆ ತಪ್ಪು. ಹಗುರವಾದ ಮುಳ್ಳು ಗೆರೆಯ ಗೋಡೆಯಿಂದ ಎಗರಿ ಮತ್ತೆ ಬಡಿಯುತ್ತದೆ, ಹಾಳಾಗುವುದು ಹಾಗೆ.

ಕೋನ ನೋಡಲು ಪ್ರೊಟ್ರಾಕ್ಟರ್ ಹಾಳೆ ಬೇಕು. ಬೇರ್‌ವಾಲ್ಡ್ ಜ್ಯಾಮಿತಿಯಲ್ಲಿ (ಕಾರ್ಟ್ರಿಡ್ಜ್ ಕೂರಿಸುವ ಒಂದು ಲೆಕ್ಕ) ನಡುವಿನ ಕಡ್ಡಿಯಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕಾರ್ಟ್ರಿಡ್ಜ್ ಗೆರೆಗಳಿಗೆ ಸರಿಯಾಗಿ ಸಮಾಂತರ ನಿಲ್ಲಬೇಕು. ಪ್ರಿಂಟ್ ಮಾಡಿದ ಹಾಳೆಯನ್ನು ಮೊದಲು ಸ್ಕೇಲಿನಿಂದ ಅಳೆಯಿರಿ, ಪ್ರಿಂಟರ್ ಪುಟಕ್ಕೆ ಹೊಂದಿಸಲು ಕುಗ್ಗಿಸಿರುತ್ತದೆ.

ಟೋನ್‌ಆರ್ಮ್ ಮತ್ತು ಕಾರ್ಟ್ರಿಡ್ಜ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಳಿಯಲು ಒಂದು ಸೂತ್ರವಿದೆ: ಒಟ್ಟು ತೂಕ ಗ್ರಾಮಿನಲ್ಲಿ, ಅದನ್ನು ಕಂಪ್ಲಯನ್ಸಿನಿಂದ (ಮುಳ್ಳು ಎಷ್ಟು ಸಲೀಸಾಗಿ ಅಲುಗುತ್ತದೆ ಎಂಬ ಅಂಕಿ) ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಎರಡೂ ಸೇರಿ ಓಲಾಡುವ ಅನುರಣನದ ಆವರ್ತನ ಸಿಗುತ್ತದೆ. ಟೋನ್‌ಆರ್ಮಿನ ಎಫೆಕ್ಟಿವ್ ಮಾಸ್ (ಮುಳ್ಳಿನ ಜಾಗದಲ್ಲಿ ತೋರುವ ತೂಕ), ಕಾರ್ಟ್ರಿಡ್ಜ್, ಸ್ಕ್ರೂ ಎಲ್ಲ ಸೇರಿ 20 ಗ್ರಾಂ, ಕಂಪ್ಲಯನ್ಸ್ 12 ಆದರೆ 10.3 ಹರ್ಟ್ಸ್. 8ರಿಂದ 12ರೊಳಗೆ ಬಿದ್ದರೆ ನೆಮ್ಮದಿ. ಕೆಳಗೆ ಬಿದ್ದರೆ ಬಾಗಿದ ತಟ್ಟೆಯ ಏರಿಳಿತಕ್ಕೆ ವೂಫರ್ ಕೋನ್ ಹಿಂದೆಮುಂದೆ ಈಜಾಡುತ್ತದೆ. ಜಪಾನಿನ ಕೆಲವು ಕಂಪನಿಗಳು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಬರೆಯುತ್ತವೆ. ಆ ಅಂಕಿಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳಿ.

ತಟ್ಟೆಗಳ ವಿಷಯ

ಚಟಚಟ ಸದ್ದಿನ ಬಹುಪಾಲು ಗೆರೆಯೊಳಗಿನ ಧೂಳು. ಪ್ರತಿ ಸಲ ಹಾಕುವ ಮುನ್ನ ಕಾರ್ಬನ್ ಫೈಬರ್ ಬ್ರಶ್ಶನ್ನು ತಿರುಗುವ ತಟ್ಟೆಯ ಮೇಲೆ ಎರಡು ಸುತ್ತು ಹಿಡಿಯಿರಿ. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಅಡ್ಡಡ್ಡ ಒರೆಸಿದರೆ ಮುಳ್ಳು ಕೂತಿರುವ ಸಣ್ಣ ಕಡ್ಡಿ (ಕ್ಯಾಂಟಿಲಿವರ್) ಬಾಗುತ್ತದೆ. ಕೊಳೆ ಹೆಚ್ಚಿದ್ದರೆ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸುವಾಸನೆಯಿಲ್ಲದ ಸೋಪು ಬೆರೆಸಿ, ಮೃದು ಬ್ರಶ್ಶಿನಿಂದ ಗೆರೆಯ ದಿಕ್ಕಿನಲ್ಲೇ ತೊಳೆದು, ಮತ್ತೊಮ್ಮೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ನಲ್ಲಿ ನೀರು ಒಣಗಿದಾಗ ಸುಣ್ಣದ ಪುಡಿ ಬಿಡುತ್ತದೆ. ನಡುವಿನ ಲೇಬಲ್ ಒದ್ದೆಯಾಗದಿರಲಿ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

78 ಆರ್‌ಪಿಎಂನ ಹಳೆಯ ಅರಗಿನ ತಟ್ಟೆಗಳಿಗೆ ನಿಯಮವೇ ಬೇರೆ. ಅವಕ್ಕೆ ಆಲ್ಕೋಹಾಲ್ ತಾಗಿಸಬಾರದು, ಅರಗು ಕರಗುತ್ತದೆ. ಎಲ್‌ಪಿಯ ಮುಳ್ಳಿನ ತುದಿ 18 ಮೈಕ್ರಾನ್ ಆದರೆ ಇವಕ್ಕೆ ಬೇಕಾದದ್ದು 76ರ ಸುತ್ತಮುತ್ತ. ಸಣ್ಣ ಮುಳ್ಳು ಗೆರೆಯ ತಳದಲ್ಲಿ ಉರುಳಾಡಿ ಬರೀ ಕಸದ ಸದ್ದು ತರುತ್ತದೆ. ಇವುಗಳಲ್ಲಿ ಬಹುಪಾಲು ಆರ್‌ಐಎಎ ಬರುವ ಮೊದಲೇ ಕೊರೆದವು, ಕಂಪನಿಗೊಂದು ವಕ್ರರೇಖೆ. ಹಲವಕ್ಕೆ ತಾರದ ಏರಿಕೆಯೇ ಇಲ್ಲ, ಹಾಗಾಗಿ ಈ ಪ್ರಿಆಂಪಿನಲ್ಲಿ ದನಿ ಮಂಕಾಗಿ ಕೇಳುತ್ತದೆ. ಬೆಸುಗೆ ತಪ್ಪಿತೆಂದು ಬೋರ್ಡ್ ಬಿಚ್ಚಬೇಡಿ.